ಈ ಮಾತು ಯಾರದು

ಕಲಬುರಗಿಯಲ್ಲಿ ಮಾಯಾಳ ಮುಖ ಬಲ್ಲವರು ಕಡಿಮೆ, ದನಿ ಅರಿಯದವರು ಇನ್ನೂ ಕಡಿಮೆ. ನೆಹರು ಗಂಜಿನಲ್ಲಿ ಬೇಳೆಯ ಹೊಸ ಅಂಗಡಿ ತೆರೆಯಲಿ, ಸೇಡಂ ರಸ್ತೆಯಲ್ಲಿ ಕಣ್ಣಿನ ಶಿಬಿರ ನಡೆಯಲಿ, ಸೀರೆಯ ಮೇಲೆ ಸೀರೆ ಪುಕ್ಕಟೆ ಸಿಗಲಿ, ಮನೆಯಿಂದ ತಪ್ಪಿಸಿಕೊಂಡ ಮುದುಕಿಯನ್ನು ಹುಡುಕಬೇಕಾಗಲಿ, ಆಟೋದ ನೆತ್ತಿಗೆ ಕಟ್ಟಿದ ಭೋಂಗಾದಿಂದ ಹೊರಡುವುದು ಅವಳದೇ ದನಿ. ಆಟೋ ಓಡಿಸುವವನು ಗಂಡ ಸುಧಾಕರ. ದನಿ ಹಿಡಿದುಕೊಡುವವನು ಗುಫ್ರಾನ್. ಮೋಮಿನಪುರದ ಒಂದು ಹೋಟೆಲ್ಲಿನ ಮೇಲಿನ ಕೋಣೆಗೆ ನಾಲ್ಕೂ ಕಡೆ ಹಳೆಯ ಕೌದಿ ಹೊಡೆದು ಅವನು ಅದನ್ನು ರೆಕಾರ್ಡಿಂಗ್ ಸ್ಟುಡಿಯೋ ಎಂದು ಕರೆಯುತ್ತಿದ್ದ. ಕೆಳಗಿನಿಂದ ಮಾಂಸದ ಶೋರ್ವಾದ ವಾಸನೆ ಬರುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ.

ಮಾಯಾಳಿಗೆ ಒಂದು ಹೆಮ್ಮೆ ಇತ್ತು. ಕೊಟ್ಟ ಕಾಗದವನ್ನು ಅವಳು ಮೊದಲೇ ಓದಿಕೊಳ್ಳುತ್ತಿರಲಿಲ್ಲ. ಕೈಗೆ ಬಂದದ್ದೇ ಮೈಕಿನ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸುವವಳು. ಕಣ್ಣು ಸಾಲಿನ ಮೇಲೆ ಓಡುತ್ತಿದ್ದಂತೆ ಬಾಯಿ ಹಿಂದೆ ಹಿಂದೆಯೇ ಓಡಬೇಕು, ಬುದ್ಧಿ ನಡುವೆ ಕಾಲು ಹಾಕಬಾರದು. ಹಾಗೆ ಹೇಳಿದರೇ ಮಾತಿಗೆ ಜೀವ ಎಂದು ಅವಳ ನಂಬಿಕೆ. ಮನೆಗೆ ಹೋಗಿ ರೊಟ್ಟಿ ಬಡಿಯಬೇಕು, ಇಬ್ಬರು ಹೆಣ್ಣುಮಕ್ಕಳ ಅಭ್ಯಾಸ ನೋಡಬೇಕು, ಇವತ್ತಿನ ಭಾಂಡೆ ಇವತ್ತೇ ತೊಳೆಯಬೇಕು ಎನ್ನುವ ಹೆಂಗಸಿಗೆ ಎರಡು ಸಲ ಓದುವ ಪುರುಸೊತ್ತಾದರೂ ಎಲ್ಲಿಯದು?

ಆ ದಿನ ಕಾಗದ ತಂದವರು ಗುರುಪ್ರಸಾದ ಸರ್. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದವರು. ಕಮಲಾಪುರದಲ್ಲಿ ಹಿರಿಯರ ಕಾಲದಿಂದ ಬಂದ ಕೆಂಪು ಬಾಳೆಯ ತೋಟವಿದೆ. ಹಸಿರು ಕಮಲಾಪುರ ವೇದಿಕೆ ಎಂದು ಕಟ್ಟಿಕೊಂಡು ಊರಿನ ರಸ್ತೆಗುಂಟ ಬೇವಿನ ಸಸಿ ನೆಟ್ಟು, ಬೇಸಿಗೆಯಲ್ಲಿ ಸ್ಕೂಟರಿನ ಮೇಲೆ ಕೊಡ ಇಟ್ಟುಕೊಂಡು ಹೋಗಿ ತಾವೇ ನೀರು ಹಾಕಿದವರು. ಮಾಯಾ ಆ ಊರ ಮಗಳು. ಹೀಗಾಗಿ ವೇದಿಕೆಯ ಪ್ರಚಾರವೆಲ್ಲ ಅವಳಿಗೇ ಬರುತ್ತಿತ್ತು, ಅವಳೂ ಅದನ್ನು ಮನಸ್ಸಿಟ್ಟು ಹೇಳುತ್ತಿದ್ದಳು. ಅದರಲ್ಲೂ ‘ಎರಡು ಮಕ್ಕಳು ಸಾಕು, ಭೂಮಿಗೂ ಬಸಿರಿಗೂ ಸಾಕು’ ಎನ್ನುವಾಗ ದನಿ ಹೊಟ್ಟೆಯಿಂದಲೇ ಬರುತ್ತಿತ್ತು. ಎರಡನೆಯದೂ ಹೆಣ್ಣಾದಾಗ ಅತ್ತೆ ಗಂಡುಮಗು ಬೇಕೆಂದು ಹಟ ಹಿಡಿದು ಕೂತಿದ್ದರು. ಮಾಯಾ ಯಾರಿಗೂ ಹೇಳದೆ ಸರ್ಕಾರಿ ದವಾಖಾನೆಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಳು. ಅತ್ತೆ ಸಾಯುವವರೆಗೂ ಆ ಸಿಟ್ಟು ಬಿಡಲಿಲ್ಲ.

ಅಂದೂ ಅವಳು ಕಾಗದ ಹಿಡಿದು ಶುರು ಮಾಡಿದಳು. ಹಳ್ಳದ ಝರಿಗಳು ಬತ್ತಿದ್ದು, ಬಾಳೆಯ ಗೊನೆ ಸಣ್ಣದಾಗುತ್ತಿರುವುದು, ನಳಕ್ಕೆ ಎರಡು ದಿನಕ್ಕೊಮ್ಮೆ ಬರುತ್ತಿದ್ದ ನೀರು ವಾರಕ್ಕೊಮ್ಮೆ ಆಗಿದ್ದು, ಗಿಡ ನೆಡಬೇಕಾದ್ದು, ಎರಡು ಮಕ್ಕಳೇ ಸಾಕೆಂಬುದು. ಎಲ್ಲ ನಿಜವೇ. ದನಿ ಏರಿತು, ಇಳಿಯಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಅದೇ ಓಟದಲ್ಲಿ ಕೊನೆಯ ಸಾಲುಗಳೂ ಬಂದು ಹೋದವು:

“ನಮ್ಮ ಊರಿಗೆ ಅಕ್ರಮವಾಗಿ ನುಸುಳಿ ತಗಡಿನ ಶೆಡ್ಡುಗಳಲ್ಲಿ ಬೀಡುಬಿಟ್ಟಿರುವ ಹೊರಗಿನವರು ನಮ್ಮ ಮಕ್ಕಳ ಪಾಲಿನ ನೀರು ಕುಡಿಯುತ್ತಿದ್ದಾರೆ. ಅವರಿಗೆ ಮನೆ ಬಾಡಿಗೆ ಕೊಡಬೇಡಿ. ಸಾರ್ವಜನಿಕ ನಳದಲ್ಲಿ ನೀರು ಹಿಡಿಯಲು ಬಿಡಬೇಡಿ. ಭಾನುವಾರದ ಸಭೆಯಷ್ಟರೊಳಗೆ ಅವರು ಊರು ಬಿಡಬೇಕು. ಇದು ಕಮಲಾಪುರದ ಸಮಸ್ತ ನಾಗರಿಕರ ಆಗ್ರಹ.”

ಗುಫ್ರಾನ್ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಬೇಕಿತ್ತು. ಎತ್ತಲಿಲ್ಲ. ಅವನು ಕೀಲಿಮಣೆಯನ್ನೇ ನೋಡುತ್ತಿದ್ದ. ಆಗ ಮಾಯಾಳ ಬುದ್ಧಿ ಬಾಯಿಯನ್ನು ಹಿಡಿಯಲು ಓಡಿಬಂತು. ಬರುವಷ್ಟರಲ್ಲಿ ಮಾತು ಮೈಕಿನ ಒಳಗೆ ಹೋಗಿ ಕೂತಾಗಿತ್ತು.

ಹೊರಗೆ ಬಂದು ಅವಳು ಕೇಳಿದಳು, ಈ ಹೊರಗಿನವರು ಯಾರು ಎಂದು. ರಸ್ತೆ ಕೆಲಸಕ್ಕೆಂದು ಬಂದವರು, ಮಾಲ್ದಾ ಕಡೆಯವರಂತೆ, ಬಂಗಾಲಿ ಆಡುತ್ತಾರೆ, ದೇಶದ ಗಡಿಯ ಈಚೆಯವರೋ ಆಚೆಯವರೋ ಯಾರಿಗೆ ಗೊತ್ತು, ಎಂದರು ಸರ್.

“ಯಾರಿಗೂ ಗೊತ್ತಿಲ್ಲಂದ್ರ ಅಕ್ರಮ ಅಂತ ಹ್ಯಾಂಗ ಬರದ್ರಿ ಸರ್?”

ಗುರುಪ್ರಸಾದ ಸರ್ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವ ಮನುಷ್ಯರಲ್ಲ. ಪಾಠ ಹೇಳುವ ದನಿಯಲ್ಲಿಯೇ ಹೇಳಿದರು. “ನೋಡವ್ವ, ನನಗ ಆ ಮಂದಿ ಮ್ಯಾಲ ಏನೂ ದ್ವೇಷ ಇಲ್ಲ. ಟೊಂಗಿಗೆ ತಡಿಯೋ ಅಷ್ಟೇ ಹಕ್ಕಿ ಕೂಡಬೇಕು. ಹೆಚ್ಚಿಗಿ ಕೂತ್ರ ಟೊಂಗಿ ಮುರೀತದ. ಇದು ನಿಸರ್ಗದ ನಿಯಮ.”

“ಹಕ್ಕಿಗೋಳು ಒಂದಕ್ಕೊಂದು ನೀ ಊರು ಬಿಡು ಅನ್ನಲ್ರಿ ಸರ್.”

ಅವರು ನಕ್ಕರು. ಬಾಯಿ ಜೋರದ ನಿಂದು, ಅದಕ್ಕೇ ನಿನ್ನ ಹತ್ತಿರ ಬರುತ್ತೇನೆ ಎಂದರು. ಸಮಸ್ತ ನಾಗರಿಕರು ಎಂದರೆ ಯಾರು, ಸಭೆಯೇ ಇನ್ನೂ ಆಗಿಲ್ಲವಲ್ಲ ಎಂದು ಮಾಯಾ ಮತ್ತೆ ಕೇಳಿದಳು. ಸಭೆಯಲ್ಲಿ ಆಗುವುದೂ ಅದೇ ಎಂದರು. ಕೊನೆಯ ಸಾಲುಗಳನ್ನು ಅಳಿಸಿಬಿಡು ಎಂದು ಅವಳು ಗುಫ್ರಾನ್ ಕಡೆ ತಿರುಗಿದಳು. ಅವನು ಅಳಿಸಿಯೂ ಬಿಡುತ್ತಿದ್ದನೇನೋ. ಆದರೆ ಪೆನ್ ಡ್ರೈವ್ ಆಗಲೇ ಸರ್ ಅವರ ಅಂಗಿಯ ಕಿಸೆಯಲ್ಲಿತ್ತು. ಒಂದನ್ನು ಸುಧಾಕರನಿಗೂ ಕೊಟ್ಟಾಗಿತ್ತು, ನಾಳೆ ಮುಂಜಾನೆ ಕಮಲಾಪುರದಲ್ಲಿ ತಿರುಗಿಸಲು.

“ನಿನ್ನ ಕೆಲಸ ಓದೋದು. ಓದೀದಿ. ಓದಿದ್ದು ಭಾಳ ಚಲೋ ಅದ,” ಎಂದು ಅವರು ಮೆಟ್ಟಿಲಿಳಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗಾದೆ ಕಟ್ಟಿದವರು ಪೆನ್ ಡ್ರೈವ್ ನೋಡಿರಲಿಲ್ಲ. ಈಗ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಓಣಿ ಓಣಿಗೆ ತಿರುಗಿ ತಿರುಗಿ ಬರುತ್ತದೆ.

ಮನೆಯಲ್ಲಿ ಸುಧಾಕರ ಇದನ್ನು ದೊಡ್ಡದು ಮಾಡಬೇಡ ಎಂದ. ನೀನು ಬಾಯಿ, ನಾನು ಗಾಲಿ, ಮಾತು ಯಾರದೋ ಅವರಿಗೆ ಹೊಣೆ ಎಂದ. ಹೋದ ಚುನಾವಣೆಯಲ್ಲಿ ಮೂರೂ ಪಕ್ಷಗಳಿಗೆ ಓದಿಲ್ಲವೇ, ಒಬ್ಬರನ್ನು ಗೆಲ್ಲಿಸಿ ಎಂದ ಬಾಯಲ್ಲೇ ಅವರನ್ನು ಸೋಲಿಸಿ ಎಂದಿಲ್ಲವೇ ಎಂದು ಛೇಡಿಸಿದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಚುಚ್ಚಿತು. ನೀವು ಹೋಗಲಿಲ್ಲವೆಂದರೆ ಇನ್ನೊಂದು ಆಟೋ ಹೋಗುತ್ತದೆ, ದನಿಯಂತೂ ನನ್ನದೇ ಇರುತ್ತದೆ, ಎಂದು ಮಾತ್ರ ಹೇಳಿದಳು. ಮರುದಿನ ಮುಂಜಾನೆ ಚಿಕ್ಕವಳ ಜಡೆ ಹೆಣೆದು, ಇಬ್ಬರನ್ನೂ ಶಾಲೆಗೆ ಕಳಿಸಿ, ಎಂದೂ ಪ್ರಚಾರದ ಆಟೋ ಹತ್ತದವಳು ಹಿಂದಿನ ಸೀಟಿನಲ್ಲಿ ಬ್ಯಾಟರಿಯ ಪಕ್ಕ ಕೂತುಬಿಟ್ಟಳು.

ಹುಮನಾಬಾದ್ ರಸ್ತೆಗುಂಟ ಬಿಸಿಲು ಆಗಲೇ ಏರಿತ್ತು. ಕಮಲಾಪುರ ಮುಟ್ಟಿದ ಮೇಲೆ ಸುಧಾಕರ ಬಸ್ ಸ್ಟ್ಯಾಂಡಿನ ಬಳಿ ನಿಲ್ಲಿಸಿ ಭೋಂಗಾ ಬಿಗಿ ಮಾಡಿ ಗುಂಡಿ ಒತ್ತಿದ. ಮಾಯಾ ತನ್ನ ದನಿಯನ್ನು ಇಷ್ಟು ಹತ್ತಿರದಿಂದ, ಇಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. ಬಾಗಿಲಿಗೆ ಬಂದ ಮಂದಿ ತಲೆದೂಗುತ್ತಿದ್ದರು. ನೀರು ಬತ್ತಿದೆ ಎಂದಾಗಲೂ ದೂಗಿದರು, ಗಿಡ ನೆಡಿ ಎಂದಾಗಲೂ ದೂಗಿದರು. ಅದೇ ದೂಗುವಿಕೆಯಲ್ಲಿ ಕೊನೆಯ ಸಾಲಿಗೂ ದೂಗಿದರು. ಸಿಹಿಯ ಜೊತೆ ಗುಳಿಗೆ ನುಂಗಿಸಿದ ಹಾಗೆ.

ಎರಡನೆಯ ಓಣಿಯ ತಿರುವಿನಲ್ಲಿ ಸಾರ್ವಜನಿಕ ನಳ. ಅಂದು ನೀರು ಬರುವ ದಿನ. ಕೊಡಗಳ ಸಾಲಿನಲ್ಲಿ ನಿಂತಿದ್ದ ಒಬ್ಬ ಎಳೆಯ ಹೆಂಗಸನ್ನು ಜಯದೇವಿ ಎಂಬಾಕೆ ಪಕ್ಕಕ್ಕೆ ಸರಿಸಿದಳು. ಬೈಯಲಿಲ್ಲ, ದಬ್ಬಲಿಲ್ಲ. ಅವಳ ಎರಡು ಕೊಡ ಎತ್ತಿ ಸಾಲಿನ ಹೊರಗೆ ಇಟ್ಟಳು, ಅಷ್ಟೇ. ಎಳೆಯ ಹೆಂಗಸು ಮುರುಕು ಕನ್ನಡದಲ್ಲಿ ಏನೋ ಕೇಳಿದಳು.

“ನನ್ನನ್ನೇನು ಕೇಳ್ತೀ? ಮಾಯಾಕ್ಕ ಹೇಳ್ಯಾಳ, ಕೇಳಿಲ್ಲ? ಹ್ವಾದ ವರ್ಷ ಯಾವ ಓಣಿಗಿ ಯಾವಾಗ ನೀರು ಅಂತ ಆಕಿ ಹೇಳಿದ್ದು ಒಂದು ದಿನಾನೂ ಸುಳ್ಳಾಗಿಲ್ಲ. ಆಕಿ ಸುಳ್ಳು ಹೇಳಾಕಿ ಅಲ್ಲ,” ಎಂದಳು ಜಯದೇವಿ.

ಆಟೋದ ಒಳಗೆ ಕೂತಿದ್ದ ಮಾಯಾಳಿಗೆ ನೆತ್ತಿಯ ಮೇಲೆ ಕೊಡ ಬಿದ್ದಂತಾಯಿತು. ಸಮಸ್ತ ನಾಗರಿಕರು ಹೇಳಿದರು ಎಂದು ಯಾರೂ ಅನ್ನಲಿಲ್ಲ. ಗುರುಪ್ರಸಾದ ಸರ್ ಹೇಳಿದರು ಎಂದೂ ಅನ್ನಲಿಲ್ಲ. ಮಾಯಾಕ್ಕ ಹೇಳ್ಯಾಳ. ಹೋದ ಬೇಸಿಗೆಯಲ್ಲಿ ನೀರಿನ ಪಾಳಿ ಹೇಳಿ ಹೇಳಿ ಗಳಿಸಿದ ನಂಬಿಕೆಯೇ ಇಂದು ಆ ಎರಡು ಕೊಡಗಳನ್ನು ಎತ್ತಿ ಹೊರಗಿಟ್ಟಿತ್ತು.

ಇನ್ನಷ್ಟು ಮುಂದೆ ದೌಲಪ್ಪನ ಮನೆ. ಅವನು ಹಿತ್ತಲಿನ ಎರಡು ತಗಡಿನ ಕೋಣೆ ಬಾಡಿಗೆಗೆ ಕೊಟ್ಟವನು. ಆಗಲೇ ಅಂಗಳದಲ್ಲಿ ಒಂದು ಟ್ರಂಕು, ಸುತ್ತಿದ ಚಾಪೆ, ಫ್ಯಾನು. ಟ್ರಂಕಿನ ಮೇಲೆ ಕೈಯಿಟ್ಟು ನಿಂತಿದ್ದವನು ಆಮಿರ್ ಎಂಬ ಹುರಿಗಟ್ಟಿದ ಮೈಯ ಯುವಕ, ನಳದ ಬಳಿ ಕಂಡವಳ ಗಂಡ. ರಸ್ತೆ ಕೆಲಸ ಮುಗಿದ ಮೇಲೆ ಬಾಳೆಯ ತೋಟಗಳಲ್ಲಿ ಗೊನೆ ಕಡಿದು ಲಾರಿಗೆ ಹೊರುತ್ತಿದ್ದ. ಇಳಿದು ಬಂದ ಮಾಯಾಳನ್ನು ಕಂಡು ದೌಲಪ್ಪ ನೆಲ ನೋಡಿದ. ಹುಡುಗ ಚಲೋ ಇದ್ದಾನೆ, ತಕರಾರೇನೂ ಇಲ್ಲ, ಆದರೆ ಇಂದು ಹೊರಗಿನವರು ಎಂದದ್ದು ನಾಳೆ ಮೈಕಿನಲ್ಲಿ ದೌಲಪ್ಪ ಎಂದರೆ ಏನು ಮಾಡುವುದು ಎಂದ. ತಾನು ಹಾಗೆ ಅನ್ನುವುದಿಲ್ಲ ಎಂದು ಮಾಯಾ ಹೇಳಿದಳು.

“ನೀ ಅನ್ನಲ್ಲ ಅಂತ ನಿನ್ನೆ ತನಕ ನಾನೂ ತಿಳ್ಕೊಂಡಿದ್ದೆ ಬಿಡವ್ವ,” ಎಂದ ದೌಲಪ್ಪ.

ಸುಧಾಕರನಿಗೆ ಆಟೋ ನಿಲ್ಲಿಸಿರಲು ಹೇಳಿ ಅವಳು ತವರಿಗೆ ನಡೆದಳು. ಊರ ಅಂಚಿನಲ್ಲಿ ಅಪ್ಪ ಅಂಬಣ್ಣನ ಮನೆ. ಅಂಬಣ್ಣ ಒಂದು ಕಾಲಕ್ಕೆ ಹಲಗಿ ಬಡಿದು ಡಂಗುರ ಸಾರುತ್ತಿದ್ದವನು. ಮನಸ್ಸಿದ್ದು ಮಾಡಿದ್ದಲ್ಲ, ಅವರ ಕೇರಿಯ ಹೆಗಲಿಗೆ ಊರು ಕಟ್ಟಿದ ಕೆಲಸ. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹಲಗಿಯ ಚರ್ಮ ಹರಿದು ಒಲೆಗೆ ಹಾಕಿದ್ದ. ಮಗಳು ಮೈಕು ಹಿಡಿದದ್ದು ಅವನಿಗೆ ಸೇರುತ್ತಿರಲಿಲ್ಲ, ಅನ್ನದ ಪ್ರಶ್ನೆ ಎಂದು ಸುಮ್ಮನಿದ್ದ. ಇಂದು ಸುಮ್ಮನಿರಲಿಲ್ಲ.

“ಬಾರವ್ವ, ಸಮಸ್ತ ನಾಗರಿಕರು ಬರ್ರಿ,” ಎಂದ, ಹೊರಸಿನ ಮೇಲಿಂದ ಏಳದೆ. “ನಾ ಹಲಗಿ ಸುಟ್ಟೆ. ನನ್ನ ಮಗಳು ಅದಕ್ಕ ಕರೆಂಟ್ ಹಚ್ಚ್ಯಾಳ.”

ಮಾಯಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ನೀನೂ ಹೇಳಿದವರು ಹೇಳಿದ್ದನ್ನೇ ಸಾರಿದವನಲ್ಲವೇ ಎಂದು ಕೇಳಿಯೇಬಿಟ್ಟಳು. ಅಂಬಣ್ಣ ಅಡಿಕೆ ಕತ್ತರಿಸುತ್ತ ಹೇಳತೊಡಗಿದ. ಅವನಿನ್ನೂ ಹರೆಯದವನಿದ್ದಾಗ ಊರ ದೊಡ್ಡವರೊಬ್ಬರು ಕೆರೆಗೆ ಯಾರೂ ದನ ಇಳಿಸಬಾರದು ಎಂದು ಸಾರಿಸಿದರಂತೆ. ಮಂದಿ ತಿರುಗಿಬಿದ್ದಾಗ ತಾವು ಹಾಗೆ ಹೇಳಿಯೇ ಇಲ್ಲ ಎಂದರಂತೆ. ಏಟು ಬಿದ್ದದ್ದು ಹಲಗಿಯವನ ಬೆನ್ನಿಗೆ. ಅಂದಿನಿಂದ ಅವನು ಒಂದು ಪದ್ಧತಿ ಹಿಡಿದ. ಏನೇ ಸಾರಲಿ, ಪ್ರತಿ ಓಣಿಯ ಕೊನೆಗೆ ಇದು ಇಂಥವರ ಮಾತು ಎಂದು ಹೆಸರು ಹಿಡಿದು ಹೇಳುತ್ತಿದ್ದ. ಹೆಸರು ಬೇಡ ಎಂದವರ ಡಂಗುರ ಸಾರುತ್ತಿರಲಿಲ್ಲ.

“ಅದೇನು ಶೂರತನ ಅಲ್ಲವ್ವ. ಬೆನ್ನು ಉಳಿಸ್ಕೊಳ್ಳೋ ಸಲುವಾಗಿ,” ಎಂದ ಅಂಬಣ್ಣ. “ಆದ್ರ ಒಂದು ಕಂಡೀನಿ. ಹೆಸರು ಹೇಳ್ತೀನಿ ಅಂದ ಕೂಡಲೇ ಅರ್ಧ ಮಂದಿ ಸಾರಸೋದೇ ಬಿಟ್ರು.”

ಮಾಯಾ ನೀರು ಕೂಡ ಕುಡಿಯದೆ ಎದ್ದು ಬಂದಳು.

ಆಟೋದ ಹತ್ತಿರ ಬಂದವಳೇ ಪೆನ್ ಡ್ರೈವ್ ಕಿತ್ತಳು. ಸೀಟಿನ ಕೆಳಗಿಂದ ಕೈಮೈಕು ತೆಗೆದು ವೈರು ಸಿಕ್ಕಿಸಿದಳು. ಸುಧಾಕರ ನೋಡಿ, ಮಳೆಗಾಲದವರೆಗೂ ವೇದಿಕೆಯ ಕೆಲಸ ನಮ್ಮದೇ ಇದೆ ಎಂದು ನೆನಪು ಮಾಡಿದ. ಹೀಗೆ ಮಾಡಿದರೆ ಈ ಊರಿನಲ್ಲಿ ಇನ್ನು ಯಾರೂ ಕರೆಯುವುದಿಲ್ಲ ಎಂದೂ ಸೇರಿಸಿದ. ಅವಳು ಮೈಕು ಹಿಡಿದು ಹಿಂದಿನ ಸೀಟಿಗೆ ಹತ್ತಿದಳು. ಅವನು ಬೀಡಿ ಎಸೆದು ಗಾಡಿ ಚಾಲೂ ಮಾಡಿ ನಳದ ಕಡೆ ತಿರುಗಿಸಿದ.

ಕಾಗದವಿಲ್ಲದೆ ಮೈಕಿನಲ್ಲಿ ಮಾತಾಡಿ ಅವಳಿಗೆ ರೂಢಿ ಇರಲಿಲ್ಲ. ಭೋಂಗಾ ಕೊಯ್ಯೆಂದು ಕೂಗಿತು. ನಳದ ಬಳಿಯ ಹೆಂಗಸರು ತಿರುಗಿ ನೋಡಿದರು.

“ಕೇಳ್ರಿ, ನಾ ಮಾಯಾ. ಅಂಬಣ್ಣನ ಮಗಳು. ಮುಂಜಾನಿಂದ ಕೇಳಿದ್ದು ನನ್ನ ದನಿ ಖರೆ. ಈಗ ಯಾವ ಮಾತು ಯಾರದು ಅಂತ ಬಿಡಿಸಿ ಹೇಳ್ತೀನಿ. ಗಿಡ ಹಚ್ಚ್ರಿ, ಅದು ಗುರುಪ್ರಸಾದ ಸರ್ ಮಾತು, ನನ್ನ ಮಾತೂ ಹೌದು. ಎರಡು ಮಕ್ಕಳು ಸಾಕು, ಅದು ನನ್ನ ಮಾತು. ನಾ ಮಾಡಿ ಹೇಳೀನಿ, ಯಾರಿಗೂ ಹೆದರಿ ಮಾಡಿಲ್ಲ, ಯಾರ್ನೂ ಹೆದರಸಾಕ ಹೇಳಿಲ್ಲ. ಶೆಡ್ಡಿನ ಮಂದೀಗಿ ನೀರು ಕೊಡಬ್ಯಾಡ್ರಿ, ಮನಿ ಕೊಡಬ್ಯಾಡ್ರಿ, ಅದು ನನ್ನ ಮಾತಲ್ಲ. ಸಮಸ್ತ ನಾಗರಿಕರದೂ ಅಲ್ಲ. ಸಭಾನೇ ಇನ್ನೂ ಆಗಿಲ್ಲ. ಅದು ಗುರುಪ್ರಸಾದ ಸರ್ ಮಾತು, ವೇದಿಕಿ ಮಾತು. ಅವರಿಗಿ ಅದು ಖರೆ ಅನ್ನಿಸಿದ್ರ ಅವರ ಹೆಸರಿನ್ಯಾಗ, ಅವರ ಬಾಯಿಂದ ಹೇಳ್ಲಿ. ಮೈಕು ನಾ ಕೊಡ್ತೀನಿ.”

ಒಂದು ಓಣಿ ಮುಗಿಯಿತು. ಮುಂದಿನ ಓಣಿಯಲ್ಲಿ ಮಾತು ಹಗುರಾಗಿ ಬಂತು, ಅದರ ಮುಂದಿನದರಲ್ಲಿ ಇನ್ನೂ ಹಗುರಾಗಿ. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬ ಮುದುಕ, ಹೊರಗಿನವರ ಕಡೆ ಎಷ್ಟು ತಿಂದೀ ಎಂದು ಕೇಳಿದ. ತಿಂದಿಲ್ಲ ಮಾವಾ, ಮುಂಜಾನಿಂದ ಚಹಾ ಕೂಡ ಇಲ್ಲ ಎಂದು ಮಾಯಾ ಮೈಕಿನಲ್ಲೇ ಉತ್ತರ ಕೊಟ್ಟಳು. ಓಣಿಯೆಲ್ಲ ನಕ್ಕಿತು. ಆ ಮುದುಕನ ಸೊಸೆಯೇ ಚಹಾ ತಂದುಕೊಟ್ಟಳು.

ಗುರುಪ್ರಸಾದ ಸರ್ ಸಿಕ್ಕಿದ್ದು ಹೆದ್ದಾರಿಯ ಪಕ್ಕ, ಕೆಂಪು ಬಾಳೆಯ ಗೊನೆಗಳನ್ನು ಇಳಿಬಿಟ್ಟ ಅಂಗಡಿಗಳ ಸಾಲಿನಲ್ಲಿ. ಸ್ಕೂಟರ್ ಅಡ್ಡ ನಿಲ್ಲಿಸಿ ಇಳಿದರು. ಅವರ ಮುಖದಲ್ಲಿ ಇದ್ದದ್ದು ಸಿಟ್ಟಿಗಿಂತ ನೋವು. ನಿನ್ನನ್ನು ಮಗಳಂತೆ ಕಂಡೆ ಎಂದರು. ನೀರಿನ ಸಂಕಟ ಸುಳ್ಳೇ ಎಂದು ಕೇಳಿದರು. ಸುಳ್ಳಲ್ಲ ಎಂದಳು. ಜನ ಹೆಚ್ಚಾದರೆ ನೆಲ ತಡೆಯುವುದಿಲ್ಲ ಎನ್ನುವುದು ಸುಳ್ಳೇ ಎಂದರು. ಅದೂ ಸುಳ್ಳಲ್ಲ ಎಂದಳು. ಸುತ್ತ ಮಂದಿ ಸೇರಿದ್ದರು. ಬಸ್ಸಿಗೆ ಕಾದವರು, ಹಣ್ಣು ಮಾರುವವರು, ಟ್ರಂಕು ಹೊತ್ತು ಅಲ್ಲಿಗೇ ಬಂದಿದ್ದ ಆಮಿರ್ ಮತ್ತು ಅವನ ಹೆಂಡತಿ.

ಮಾಯಾ ಮೈಕು ಚಾಚಿದಳು. “ಹಂಗಾದ್ರ ಹೇಳ್ರಿ ಸರ್. ನೀವು ಓದಿದೋರು, ನನಗಿಂತ ಚಲೋ ಹೇಳ್ತೀರಿ. ನಾ ಗುರುಪ್ರಸಾದ, ಈ ಆಮಿರಗ ನೀರು ಕೊಡಬ್ಯಾಡ್ರಿ ಅಂತ ನಾ ಹೇಳ್ಲಕತ್ತೀನಿ ಅನ್ರಿ. ಅಷ್ಟೇ.”

ಸರ್ ಆಮಿರನ ಕಡೆ ನೋಡಿದರು. ಗುರುತಿತ್ತು, ಅವರ ತೋಟದ ಗೊನೆಯನ್ನೂ ಅವನೇ ಹೊರುತ್ತಿದ್ದ. ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ ಆಮಿರ್ ಅರ್ಧ ಕೈ ಎತ್ತಿದ.

“ನಾ ಯಾಕ ರಸ್ತೆದಾಗ ನಿಂತು ಒದರಬೇಕು?” ಎಂದರು ಗುರುಪ್ರಸಾದ ಸರ್.

ಅವರು ಅದನ್ನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬಾಯಿಂದ ಬಂತು, ಅಷ್ಟೇ. ಅವರ ಬಾಯಿಯ ಹಿಂದೆಯೂ ಬುದ್ಧಿ ತಡವಾಗಿ ಓಡಿಬಂದದ್ದು ಮುಖದಲ್ಲಿ ಕಂಡಿತು.

“ನಮ್ಮಪ್ಪ ಒದರ್ಯಾನಲ್ರಿ,” ಎಂದಳು ಮಾಯಾ. ಮೈಕು ಚಾಲೂ ಇತ್ತು. “ಊರಿನ ಮಾತು ಹೇಳೋದು ಹಿರಿಯರು, ಒದರೋದು ನಾವು. ಏಟು ಬಿದ್ರ ಅದೂ ನಮಗ. ಇದು ಇನ್ನ ನಡಿಯಂಗಿಲ್ಲ ಅಂತ ಹಲಗಿ ಸುಟ್ಟಿದ್ವಿ. ಈ ಮೈಕು ಸುಡಂಗಿಲ್ರಿ ಸರ್, ಇದು ನಮ್ಮ ಅನ್ನ. ಆದ್ರ ಇನ್ನ ಹೆಸರಿಲ್ಲದ ಮಾತು ಇದರೊಳಗ ಬರಲ್ಲ.”

ಹಣ್ಣಿನ ಅಂಗಡಿಯ ಮಲಂಗಸಾಬ ಗಂಟಲು ಸರಿಮಾಡಿಕೊಂಡ. “ಸರ್, ಆ ಮಂದಿ ಹ್ವಾದ್ರ ನಾಳಿಗಿ ಗೊನಿ ಹೊರೋರು ಯಾರು? ನೀವು ಬರ್ತೀರೇನು?” ಎಂದು ಮೆತ್ತಗೆ ಕೇಳಿದ. ಯಾರೋ ನಕ್ಕರು. ಇನ್ನು ಯಾರೋ, ನಕ್ಕು ಏನು ಬಂತು, ನೀರು ಇಲ್ಲದ್ದು ಖರೆ ಅಲ್ಲವೇ ಎಂದು ಸರ್ ಪರವಾಗಿ ನಿಂತರು. ಮಾತಿಗೆ ಮಾತು ಬೆಳೆಯಿತು. ಬೋರ್ವೆಲ್ಲುಗಳ ಮಾತು ಬಂತು, ಹೂಳು ತುಂಬಿದ ಬಾವಿಯ ಮಾತು ಬಂತು, ಬಾಡಿಗೆಯ ಮಾತೂ ಬಂತು. ಭೋಂಗಾದ ಎದುರು ತಲೆದೂಗುವುದಷ್ಟೇ ಸಾಧ್ಯವಿತ್ತು. ಮನುಷ್ಯನ ಎದುರು ಜಗಳವಾಡಬಹುದಿತ್ತು. ಗುರುಪ್ರಸಾದ ಸರ್ ಸ್ವಲ್ಪ ಹೊತ್ತು ಉತ್ತರ ಕೊಟ್ಟರು, ಆಮೇಲೆ ಸ್ಕೂಟರ್ ಹತ್ತಿದರು. ಹೋಗುವಾಗ ಮಾಯಾಳಿಗೆ ಒಂದೇ ಮಾತು ಹೇಳಿದರು, ನಿನ್ನ ದನಿ ನನ್ನ ಹತ್ತಿರ ಇದೆ ಎಂದು.

ಇದ್ದೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಇನ್ನೊಂದು ಆಟೋ ಬಂತು. ಅದರ ನೆತ್ತಿಯ ಭೋಂಗಾದಿಂದ ಮಾಯಾಳದೇ ದನಿ, ಗುಫ್ರಾನನ ಕೌದಿಗಳ ನಡುವೆ ಹಿಡಿದ ಸ್ವಚ್ಛ ದನಿ. ಅದಕ್ಕೆ ದಣಿವಿಲ್ಲ, ಬಿಸಿಲಿಲ್ಲ. ನಮ್ಮ ಮಕ್ಕಳ ಪಾಲಿನ ನೀರು, ಎನ್ನುತ್ತ ಅದು ಹೆದ್ದಾರಿಯಿಂದ ಮೊದಲ ಓಣಿಗೆ ತಿರುಗಿತು.

ಸುಧಾಕರ ಮನೆಗೆ ಹೋಗೋಣವೇ ಎಂದು ಕೇಳುತ್ತಾನೆಂದು ಮಾಯಾ ಎಣಿಸಿದ್ದಳು. ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. “ಆ ಗಾಡಿ ದಿಲೀಪಂದು. ಮಗ, ನನ್ನ ಹತ್ರ ಸ್ಟೆಪ್ನಿ ಇಸ್ಕೊಂಡಾನ, ವಾಪಸ್ ಕೊಟ್ಟಿಲ್ಲ,” ಎಂದು ಹೇಳಿ ಗಾಡಿಯನ್ನು ಅದರ ಬೆನ್ನಿಗೇ ಹಚ್ಚಿದ. “ಹೂಂ, ಹಿಡಿ ಮೈಕು.”

ಹೀಗೆ ಆ ಮಧ್ಯಾಹ್ನ ಕಮಲಾಪುರದ ಓಣಿಗಳಲ್ಲಿ ಒಂದರ ಹಿಂದೆ ಒಂದು ಎರಡು ಆಟೋ ನಡೆದವು, ಎರಡರಲ್ಲೂ ಒಬ್ಬಳದೇ ದನಿ. ಮುಂದಿನದು ಹೇಳಿ ಮುಗಿಸಿದ ಕೂಡಲೇ ಹಿಂದಿನದು, ಇದು ನನ್ನ ಮಾತಲ್ಲ, ಇದು ಇಂಥವರ ಮಾತು, ಎನ್ನುತ್ತಿತ್ತು. ಮುಂದಿನದು ವೇಗ ಹೆಚ್ಚಿಸಿದರೆ ಹಿಂದಿನದೂ ಹೆಚ್ಚಿಸುತ್ತಿತ್ತು. ಯಂತ್ರಕ್ಕೆ ಎದುರಾಗಿ ಕೂಗಿ ಕೂಗಿ ಮಾಯಾಳ ಗಂಟಲು ಸೀಳಿತು. ಎತ್ತರದ ಸ್ವರ ಹೋಯಿತು, ಆಮೇಲೆ ಇಂಪು ಹೋಯಿತು. ಅಂಗಡಿಗಳೂ ಶಿಬಿರಗಳೂ ಅವಳನ್ನು ಕರೆಯುತ್ತಿದ್ದದ್ದು ಆ ಇಂಪಿಗಾಗಿಯೇ. ಅದು ತಿರುಗಿ ಬರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ನಿಲ್ಲಿಸಲಿಲ್ಲ.

ನಳದ ತಿರುವಿನಲ್ಲಿ ಜಯದೇವಿ ಮುಂದಿನ ಆಟೋಕ್ಕೆ ಅಡ್ಡ ಬಂದು ನಿಂತಳು. ಎರಡೂ ದನಿಗಳನ್ನು ಮುಂಜಾನೆಯಿಂದ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು.

“ಏ ಅಣ್ಣಾ, ಇದು ಯಾರ ಮಾತೋ?”

“ನನಗೇನು ಗೊತ್ತ್ರಿ ಅಕ್ಕ. ಪೆನ್ ಡ್ರೈವ್ ಕೊಟ್ಟಾರ, ಹಚ್ಚೀನಿ,” ಎಂದ ದಿಲೀಪ.

“ಕೊಟ್ಟೋರ ಹೆಸರು ಹೇಳು.”

ದಿಲೀಪ ಹಿಂದೆ ನೋಡಿದ, ಮುಂದೆ ನೋಡಿದ. ಹೆಸರು ಹೇಳಬೇಡ ಎಂದು ಅವನಿಗೆ ಹೇಳಿದ್ದರೋ ಏನೋ, ಬಾಯಿ ಬಿಡಲಿಲ್ಲ. ಜಯದೇವಿ ಸೆರಗು ಸಿಕ್ಕಿಸಿ ನಳದ ಕಟ್ಟೆಗೆ ಹೋಗಿ ಕೂತಳು. ಹಂಗಾದ್ರ ಮುಂದ ಹೋಗು, ಎಂದಳು. ನಳದ ನೀರು ಆಗಲೇ ಸಣ್ಣಗಾಗಿತ್ತು. ತನ್ನ ಪಾಳಿಯ ಕೊಡ ಅರ್ಧ ತುಂಬಿದ್ದಾಗಲೇ ತೆಗೆದು, ಬಸ್ ಸ್ಟ್ಯಾಂಡಿನಿಂದ ಖಾಲಿ ಕೊಡಗಳನ್ನು ಹಿಡಿದು ಬಂದು ದೂರ ನಿಂತಿದ್ದ ಆಮಿರನ ಹೆಂಡತಿಗೆ ಕಣ್ಣಲ್ಲೇ ಜಾಗ ತೋರಿಸಿದಳು. ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಗೊಣಗಿದರು. ಒಬ್ಬಳು ತನ್ನ ಕೊಡ ಎತ್ತಿಕೊಂಡು ಹೊರಟೇ ಹೋದಳು.

ದೌಲಪ್ಪ ಕೋಣೆಯ ಬೀಗ ತೆಗೆದಿದ್ದನೋ ಇಲ್ಲವೋ ಇನ್ನೂ ತಿಳಿದಿರಲಿಲ್ಲ. ಭಾನುವಾರದ ಸಭೆ ಇದ್ದೇ ಇತ್ತು. ಅಲ್ಲಿ ಯಾರು ಏನು ಅನ್ನುವರೋ, ತಮ್ಮ ಹೆಸರಿನಲ್ಲಿ ಅನ್ನಬೇಕಾಗುತ್ತದೆ ಎಂಬುದಷ್ಟೇ ಈಗ ಊರಿಗೆಲ್ಲ ಗೊತ್ತಾಗಿತ್ತು. ದಿಲೀಪನ ಆಟೋ ಮಸೀದಿಯ ಓಣಿಗೆ ತಿರುಗಿ ಮತ್ತೆ ಮೊದಲಿನಿಂದ ಹಾಡತೊಡಗಿತು. ಸುಧಾಕರ ಗೇರು ಬದಲಿಸಿದ. ಮಾಯಾ ಉಗುಳು ನುಂಗಿ, ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದು, ಕಲಬುರಗಿಯಲ್ಲಿ ಯಾರೂ ಗುರುತಿಸಲಾರದ ಒಡಕು ದನಿಯಲ್ಲಿ ಶುರು ಮಾಡಿದಳು:

“ಕೇಳ್ರಿ, ನಾ ಮಾಯಾ...”